ಒಂದೂವರೆ ಎಕರೆಯ ರಾಜಕಾರಣ

ಹುಬ್ಬಳ್ಳಿಯ ಕಿತ್ತೂರು ರಾಣಿ ಚೆನ್ನಮ್ಮ ವೃತ್ತದಲ್ಲಿ ಇಳಿದು ಈದ್ಗಾ ಮೈದಾನ ಎಲ್ಲಿ ಎಂದು ಕೇಳಿದರೆ ಯಾರೂ ದಾರಿ ಹೇಳಲು ಹೋಗುವುದಿಲ್ಲ, ಬೆರಳು ತೋರಿಸಿ ಮುಗಿಸುತ್ತಾರೆ. ಊರಿನ ನಟ್ಟನಡುವೆ, ಸುಮಾರು ಒಂದೂವರೆ ಎಕರೆ ಬಯಲು. ಕೆಲವರು ಅದನ್ನು ಈದ್ಗಾ ಮೈದಾನ ಅನ್ನುತ್ತಾರೆ, ಕೆಲವರು ಹಟ ಹಿಡಿದು ಚೆನ್ನಮ್ಮ ಮೈದಾನ ಅನ್ನುತ್ತಾರೆ. ಯಾವ ಹೆಸರು ಹೇಳಿದರು ಎಂಬುದರ ಮೇಲೆ ಯಾರಿಗೆ ಮತ ಹಾಕುತ್ತಾರೆ ಎಂದು ಊಹಿಸುವ ಚಟ ಈ ಊರಿನ ಚಹಾದಂಗಡಿಗಳಿಗೆ ಮೂವತ್ತು ವರ್ಷಗಳಿಂದ ಇದೆ.

ಈದ್ಗಾ ಎಂದರೆ ಮಸೀದಿಯಲ್ಲ. ಅದಕ್ಕೆ ಸೂರು ಇರುವುದಿಲ್ಲ. ಪಶ್ಚಿಮಕ್ಕೊಂದು ಗೋಡೆ, ಅದರ ಮುಂದೆ ಸಾವಿರಾರು ಜನ ಸಾಲಾಗಿ ನಿಲ್ಲುವಷ್ಟು ಜಾಗ, ಇಷ್ಟೇ. ವರ್ಷಕ್ಕೆ ಎರಡು ಸಲ, ರಂಜಾನ್ ಮತ್ತು ಬಕ್ರೀದ್ ಹಬ್ಬದ ಬೆಳಿಗ್ಗೆ, ಊರಿನ ಎಲ್ಲ ಮಸೀದಿಗಳ ಜನ ಅಲ್ಲಿ ಒಟ್ಟಾಗಿ ನಮಾಜು ಮಾಡುತ್ತಾರೆ. ಊರ ಹೊರಗೆ, ಬಯಲಲ್ಲಿ ಈದ್ಗಾ ಇರುವುದು ವಾಡಿಕೆ. ಆದರೆ ನಮ್ಮ ಊರುಗಳು ಸುಮ್ಮನೆ ಕೂರುವಂಥವಲ್ಲ. ಊರು ಬೆಳೆದು ಈದ್ಗಾವನ್ನು ಸುತ್ತುವರಿಯುತ್ತದೆ, ಒಂದು ಕಾಲದ ಹೊರವಲಯ ಮಾರುಕಟ್ಟೆಯಾಗುತ್ತದೆ, ಚದರಡಿಗೆ ಬೆಲೆ ಬರುತ್ತದೆ. ಹೀಗೆ ವರ್ಷದ 363 ದಿನ ಖಾಲಿ ಇರುವ ನೆಲದ ಮೇಲೆ ಊರಿನ ಕಣ್ಣು ಬೀಳುತ್ತದೆ. ಧರ್ಮದ ಜಗಳಕ್ಕಿಂತ ಮೊದಲು ಹುಟ್ಟುವುದು ಈ ಕಣ್ಣು.

ಅಲ್ಪಸಂಖ್ಯಾತರ ಪ್ರಾರ್ಥನಾ ಸ್ಥಳಗಳು ಮತ್ತು ಚುನಾವಣಾ ರಾಜಕಾರಣ ಎಂಬುದು ದೇಶದಷ್ಟೇ ದೊಡ್ಡ ವಿಷಯ. ಅದನ್ನು ಅಯೋಧ್ಯೆಯಿಂದ ಆರಂಭಿಸುವುದು ರೂಢಿ. ಈ ಉಪನ್ಯಾಸ ಮನೆಯ ಹತ್ತಿರದ ಈ ಬಯಲನ್ನು ಹಿಡಿದುಕೊಂಡಿದೆ, ನಡುವೆ ಒಮ್ಮೆ ಚಿಕ್ಕಮಗಳೂರಿನ ಗಿರಿ ಹತ್ತಿ ಬರುತ್ತದೆ. ಇದಕ್ಕೆ ಕಾರಣವಿದೆ. ಅಯೋಧ್ಯೆಯಲ್ಲಿ ನಂಬಿಕೆಯ ಪ್ರಶ್ನೆ ಮೊದಲೇ ಇತ್ತು. ಹುಬ್ಬಳ್ಳಿಯಲ್ಲಿ ಇದ್ದದ್ದು ಒಂದು ಕರಾರು ಪತ್ರದ ಪ್ರಶ್ನೆ. ಪುರಸಭೆಯ ಕಡತವೊಂದು ಮತವಾಗಿ ಮಾರ್ಪಡುವ ಬಗೆ ಇಲ್ಲಿ ಕಣ್ಣಿಗೆ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ಕಡತದಿಂದಲೇ ಶುರುಮಾಡಬೇಕು. 1921ರಲ್ಲಿ ಹುಬ್ಬಳ್ಳಿ ಪುರಸಭೆ ಈ ಜಾಗವನ್ನು ಅಂಜುಮನ್-ಎ-ಇಸ್ಲಾಂ ಸಂಸ್ಥೆಗೆ 999 ವರ್ಷಕ್ಕೆ, ವರ್ಷಕ್ಕೊಂದು ರೂಪಾಯಿಯಂತೆ ಕೊಟ್ಟಿತು. ನಾಲ್ಕು ದಶಕ ಯಾರೂ ತಕರಾರು ತೆಗೆಯಲಿಲ್ಲ. ಅರವತ್ತರ ದಶಕದಲ್ಲಿ ಅಂಜುಮನ್ ಅಲ್ಲಿ ಕಟ್ಟಡ ಎಬ್ಬಿಸಿ ಅಂಗಡಿ ಮಳಿಗೆ ಮಾಡಲು ಹೊರಟಿತು. ಊರಿನ ಕೆಲವರು ಮುನ್ಸಿಫ್ ಕೋರ್ಟಿಗೆ ಹೋದರು. ಅವರ ವಾದ ಸರಳವಾಗಿತ್ತು: ಇದು ಸಾರ್ವಜನಿಕರ ಬಯಲು, ಪುರಸಭೆಗೆ ಸೇರಿದ್ದು, ಇಲ್ಲಿ ಮಳಿಗೆ ಕಟ್ಟುವ ಹಕ್ಕು ಯಾರಿಗೂ ಇಲ್ಲ. ಇಡೀ ಮೊಕದ್ದಮೆ ನಿಂತದ್ದು ಒಂದು ಪದದ ಮೇಲೆ. ಪುರಸಭೆ ಅಂದು ಕೊಟ್ಟದ್ದು ಲೀಸೋ, ಬರೀ ಲೈಸೆನ್ಸೋ? ಲೀಸಾದರೆ ನೆಲದ ಮೇಲೆ ಹಕ್ಕು ಬರುತ್ತದೆ. ಲೈಸೆನ್ಸಾದರೆ ಬಂದು ಹೋಗುವ ಅನುಮತಿ ಮಾತ್ರ. 1992ರ ಜೂನಿನಲ್ಲಿ ಕರ್ನಾಟಕ ಹೈಕೋರ್ಟು ಅದು ಲೈಸೆನ್ಸೆಂದಿತು. ವರ್ಷದಲ್ಲಿ ಎರಡು ದಿನ ನಮಾಜು ಮಾಡಬಹುದು, ನೆಲ ಪಾಲಿಕೆಯದು, ಕಟ್ಟಡ ತೆಗೆಯಬೇಕು. ಅಂಜುಮನ್ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿಯೂ 2010ರ ಜನವರಿಯಲ್ಲಿ ಅದೇ ತೀರ್ಪು ನಿಂತಿತು.

ಅಂದರೆ ನ್ಯಾಯಾಲಯಕ್ಕೆ ಸಂಬಂಧಪಟ್ಟಂತೆ ಇದು ಮಳಿಗೆಯ ಜಗಳ. ಸಾಮಾನ್ಯ ಸಿವಿಲ್ ದಾವೆ. ಎರಡು ಕಡೆಯ ವಕೀಲರು ತೀರಿಕೊಂಡು ಅವರ ಮಕ್ಕಳು ವಕಾಲತ್ತು ಹಾಕುವವರೆಗೆ ಎಳೆಯುವಂಥದ್ದು.

ಆದರೆ ಹೈಕೋರ್ಟು ತೀರ್ಪು ಕೊಡುವ ಹೊತ್ತಿಗೆ ಮೈದಾನಕ್ಕೆ ಬೇರೆಯೇ ಪ್ರಶ್ನೆ ಬಂದುಬಿಟ್ಟಿತ್ತು. ಬಿಜೆಪಿಯ ಮುರಳಿ ಮನೋಹರ ಜೋಶಿ ಕನ್ಯಾಕುಮಾರಿಯಿಂದ ಏಕತಾ ಯಾತ್ರೆ ಹೊರಟು 1992ರ ಜನವರಿ 26ರಂದು ಶ್ರೀನಗರದ ಲಾಲ್ ಚೌಕದಲ್ಲಿ ರಾಷ್ಟ್ರಧ್ವಜ ಹಾರಿಸಿದರು. ಹುಬ್ಬಳ್ಳಿಯಲ್ಲಿ ಅದೇ ದಿನ ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ಪ್ರಯತ್ನವಾಯಿತು. ರಾಷ್ಟ್ರಧ್ವಜ ಗೌರವ ಸಂರಕ್ಷಣಾ ಸಮಿತಿ ಹುಟ್ಟಿತು. ಅದರ ಮುಂಚೂಣಿಯಲ್ಲಿದ್ದ ಯುವಕ ಪ್ರಲ್ಹಾದ ಜೋಶಿ. ಅಂದಿನಿಂದ ಈ ಬಯಲಿನ ಪಂಚಾಂಗವೇ ಬದಲಾಯಿತು. ರಂಜಾನ್, ಬಕ್ರೀದ್ ಎಂದು ಎರಡು ದಿನ ಇದ್ದದ್ದು ಜನವರಿ 26, ಆಗಸ್ಟ್ 15 ಸೇರಿ ನಾಲ್ಕು ದಿನವಾಯಿತು. ಮೊದಲ ಎರಡು ದಿನ ನಮಾಜು, ಆಮೇಲಿನ ಎರಡು ದಿನ ಪೊಲೀಸ್ ಬಂದೋಬಸ್ತು.

ಪ್ರಶ್ನೆ ಬದಲಾದ ಚಾತುರ್ಯವನ್ನು ಗಮನಿಸಬೇಕು. ಇಲ್ಲಿ ಮಳಿಗೆ ಕಟ್ಟಬಹುದೇ ಎಂದು ಕೇಳಿದರೆ ಹಿಂದೂ ವ್ಯಾಪಾರಿಯೂ ಬೇಡ ಅನ್ನಬಹುದು, ಮುಸ್ಲಿಂ ಗಾಡಿಯವನೂ ಬೇಡ ಅನ್ನಬಹುದು. ಇಲ್ಲಿ ರಾಷ್ಟ್ರಧ್ವಜ ಹಾರಿಸಬಹುದೇ ಎಂದು ಕೇಳಿದ ಕೂಡಲೇ ಬೇಡ ಅಂದವನು ದೇಶದ್ರೋಹಿಯಾಗುತ್ತಾನೆ. ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದೆ, ಯಥಾಸ್ಥಿತಿ ಇರಲಿ ಎಂದು ಅಂಜುಮನ್ ಹೇಳಿದ್ದು ಕಾನೂನಿನ ಭಾಷೆಯಲ್ಲಿ ಸರಿಯೇ ಇತ್ತು. ಬೀದಿಯ ಭಾಷೆಯಲ್ಲಿ ಅದು ಕೇಳಿಸಿದ್ದೇ ಬೇರೆ ರೀತಿ. ಅಂಜುಮನ್ನಿನ ಮುಖಂಡರಿಗೆ ಇದು ತಿಳಿಯಲು ತಡವಾಯಿತು. ಅಧಿಕಾರದಲ್ಲಿದ್ದ ಕಾಂಗ್ರೆಸ್ಸಿಗಂತೂ ತಿಳಿಯಲೇ ಇಲ್ಲ. ಅದು ಇಡೀ ವಿಷಯವನ್ನು ಪೊಲೀಸ್ ಕಮಿಷನರ ಮೇಜಿನ ಮೇಲಿಟ್ಟು ಕೈತೊಳೆದುಕೊಂಡಿತು.

1994ರ ಆಗಸ್ಟ್ 15. ವೀರಪ್ಪ ಮೊಯಿಲಿ ಮುಖ್ಯಮಂತ್ರಿ. ಊರಿಗೆ ಕರ್ಫ್ಯೂ ಹಾಕಲಾಗಿತ್ತು. ಪೊಲೀಸರ ಕಣ್ಣು ತಪ್ಪಿಸಿ ಬಿಜೆಪಿಯ ಉಮಾಭಾರತಿ ಹುಬ್ಬಳ್ಳಿಗೆ ಬಂದರು. ಗಲಭೆಯಾಯಿತು, ಗೋಲಿಬಾರ್ ಆಯಿತು, ಜನ ಸತ್ತರು. ಸ್ವಾತಂತ್ರ್ಯ ದಿನದಂದು, ಧ್ವಜದ ಹೆಸರಿನಲ್ಲಿ, ತಮ್ಮದೇ ಸರ್ಕಾರದ ಗುಂಡಿಗೆ. ಆ ವರ್ಷದ ಕೊನೆಗೆ ವಿಧಾನಸಭಾ ಚುನಾವಣೆ ನಡೆಯಿತು. 1989ರಲ್ಲಿ ನಾಲ್ಕೇ ಸ್ಥಾನ ಪಡೆದಿದ್ದ ಬಿಜೆಪಿ 40 ಸ್ಥಾನ ಗೆದ್ದು ಅಧಿಕೃತ ವಿರೋಧಪಕ್ಷವಾಯಿತು. 1989ರಲ್ಲಿ 178 ಸ್ಥಾನ ಪಡೆದಿದ್ದ ಕಾಂಗ್ರೆಸ್ ಮೂರನೆಯ ಜಾಗಕ್ಕೆ ಕುಸಿಯಿತು. 115 ಸ್ಥಾನಗಳೊಂದಿಗೆ ಜನತಾದಳದ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು.

ಈ ನಲವತ್ತನ್ನೂ ಈದ್ಗಾದ ಲೆಕ್ಕಕ್ಕೆ ಬರೆಯುವವರಿದ್ದಾರೆ. ಅದು ತಪ್ಪು ಲೆಕ್ಕ. 1990ರಲ್ಲಿ ಅನಾರೋಗ್ಯದಲ್ಲಿದ್ದ ಲಿಂಗಾಯತ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ರಾಜೀವ್ ಗಾಂಧಿ ವಿಮಾನ ನಿಲ್ದಾಣದಲ್ಲೇ ಅಧಿಕಾರದಿಂದ ಇಳಿಸಿದ್ದನ್ನು ಉತ್ತರ ಕರ್ನಾಟಕದ ಲಿಂಗಾಯತರು ಮರೆತಿರಲಿಲ್ಲ. ಕಾಂಗ್ರೆಸ್ಸಿನ ಮೇಲಿನ ಆ ಸಿಟ್ಟಿಗೆ ಒಂದು ಮನೆ ಬೇಕಿತ್ತು. ಈದ್ಗಾ ಚಳವಳಿ ಆ ಮನೆಯ ಬಾಗಿಲಾಯಿತು ಎಂದರೆ ಹೆಚ್ಚು ಸರಿ. ಧಾರವಾಡ ಉತ್ತರ (ಈಗ ಧಾರವಾಡ) ಲೋಕಸಭಾ ಕ್ಷೇತ್ರದ ಪಟ್ಟಿಯನ್ನೇ ನೋಡಬಹುದು. 1980ರಿಂದ ಕಾಂಗ್ರೆಸ್ಸಿನ ಡಿ.ಕೆ. ನಾಯ್ಕರ್ ಗೆಲ್ಲುತ್ತಿದ್ದ ಕ್ಷೇತ್ರ 1996ರಲ್ಲಿ ಬಿಜೆಪಿಯ ವಿಜಯ ಸಂಕೇಶ್ವರರ ಪಾಲಾಯಿತು. 2004ರಿಂದ 2024ರವರೆಗಿನ ಐದೂ ಚುನಾವಣೆಗಳಲ್ಲಿ ಅಲ್ಲಿ ಗೆದ್ದವರು ಅದೇ ಪ್ರಲ್ಹಾದ ಜೋಶಿ. ಆ ಕ್ಷೇತ್ರ ಮತ್ತೆ ಕಾಂಗ್ರೆಸ್ಸಿಗೆ ಸಿಕ್ಕಿಲ್ಲ.

ಇದೇ 1994ಕ್ಕೆ ಇನ್ನೊಂದು ಹುಬ್ಬಳ್ಳಿಯ ನಂಟಿದೆ. ಹುಬ್ಬಳ್ಳಿ ಗ್ರಾಮಾಂತರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ ಕೇಂದ್ರ ವಜಾ ಮಾಡಿತ್ತು. ಅವರು ಹೂಡಿದ ದಾವೆಗೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ, ಧರ್ಮವನ್ನು ರಾಜಕಾರಣದೊಂದಿಗೆ ಬೆರೆಸುವಂತಿಲ್ಲ ಎಂದಿತು. ಬಾಬರಿ ಮಸೀದಿ ಬಿದ್ದ ಮೇಲೆ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಬಿಜೆಪಿ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಎತ್ತಿಹಿಡಿಯಿತು. ಈ ವಿಷಯದಲ್ಲಿ ದೇಶದ ಅತಿ ದೊಡ್ಡ ತೀರ್ಪಿಗೆ ಹುಬ್ಬಳ್ಳಿಯ ಒಬ್ಬ ವಕೀಲರ ಹೆಸರಿದೆ. ತೀರ್ಪು ಬಂದ ಐದೇ ತಿಂಗಳಿಗೆ ಗೋಲಿಬಾರ್. ಮುಂದಿನ ಚುನಾವಣೆಯಲ್ಲಿ ಹುಬ್ಬಳ್ಳಿ ಗ್ರಾಮಾಂತರದಲ್ಲಿ ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ ಜನತಾದಳದಿಂದ ನಿಂತು ಬಿಜೆಪಿಯ ಜಗದೀಶ ಶೆಟ್ಟರ್ ಎದುರು ಸೋತರು. ತೀರ್ಪು ಕಾನೂನು ವರದಿಗಳಲ್ಲಿ ಸೇರಿಕೊಂಡಿತು, ಕ್ಷೇತ್ರ ಬೇರೆಯವರಿಗೆ ಹೋಯಿತು.

ದೇವೇಗೌಡರು ಅಧಿಕಾರಕ್ಕೆ ಬಂದ ಮೇಲೆ ಮಾಡಿದ್ದು ಹಳ್ಳಿಯ ಹಿರಿಯನ ಕೆಲಸ. ಅಂಜುಮನ್ನಿನವರನ್ನು ಕೂರಿಸಿಕೊಂಡು ಮಾತಾಡಿದರು, ಧ್ವಜವನ್ನು ನೀವೇ ಹಾರಿಸಿಬಿಡಿ ಎಂದು ಒಪ್ಪಿಸಿದರು. 1995ರಲ್ಲಿ ಅಂಜುಮನ್ನೇ ಧ್ವಜ ಹಾರಿಸಿತು. ಮೂರು ವರ್ಷ ಊರನ್ನು ಕಾಡಿದ ಪ್ರಶ್ನೆಗೆ ಬೇಕಿದ್ದದ್ದು ಒಂದು ಕೋಣೆ ಮತ್ತು ನಾಲ್ಕು ಕುರ್ಚಿ. ಇದಕ್ಕೆ ಯಾವ ಕಾಯ್ದೆಯೂ ಬೇಕಾಗಲಿಲ್ಲ.

ಬೀದಿಯಲ್ಲಿ ಆರಿದ ಬೆಂಕಿ ಕೋರ್ಟಿನಲ್ಲಿ ಕೆಂಡವಾಗಿ ಉಳಿದಿತ್ತು. 1994ರ ಗಲಭೆಯ ಪ್ರಕರಣದಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಉಮಾಭಾರತಿಯವರಿಗೆ ಜಾಮೀನುರಹಿತ ವಾರಂಟ್ ಹೊರಡಿಸಿತು. ಆಗ ಅವರು ಮಧ್ಯಪ್ರದೇಶದ ಮುಖ್ಯಮಂತ್ರಿ. 2004ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟು ತಿರಂಗಾ ಯಾತ್ರೆಯೆಂದು ಹುಬ್ಬಳ್ಳಿಯ ಕಡೆ ಹೊರಟರು. ಬಾಬುಲಾಲ್ ಗೌರ್ ಅವರ ಜಾಗದಲ್ಲಿ ಕೂತರು. ಮೊಕದ್ದಮೆ ವಾಪಸಾಯಿತು, ಕುರ್ಚಿ ವಾಪಸಾಗಲಿಲ್ಲ. ಈದ್ಗಾದಿಂದ ಬಹಳ ಜನ ಮೇಲೆ ಬಂದಿದ್ದಾರೆ. ಅದರಿಂದ ಪೆಟ್ಟು ತಿಂದ ದೊಡ್ಡ ನಾಯಕಿ ಬಹುಶಃ ಅವರೊಬ್ಬರೇ.

ಹಾಗಾದರೆ ಚುನಾವಣಾ ಕಾನೂನು ಏನು ಮಾಡುತ್ತದೆ? ಹೆಸರಿಗೆ ಬೇಕಾದಷ್ಟಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮಿನಂತೆ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಮಸೀದಿ, ಚರ್ಚು, ದೇವಸ್ಥಾನಗಳನ್ನು ಪ್ರಚಾರದ ವೇದಿಕೆ ಮಾಡಿಕೊಳ್ಳಬಾರದೆಂದು ಮಾದರಿ ನೀತಿ ಸಂಹಿತೆ ಹೇಳುತ್ತದೆ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯಲೆಂದೇ 1988ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿದೆ. ಶಿವಸೇನೆಯ ಬಾಳ ಠಾಕ್ರೆಯವರಂಥ ಠಾಕ್ರೆಯವರೇ 1987ರ ವಿಲೆ ಪಾರ್ಲೆ ಉಪಚುನಾವಣೆಯ ಭಾಷಣಗಳಿಗಾಗಿ ಆರು ವರ್ಷ ಮತದಾನದ ಹಕ್ಕು ಕಳೆದುಕೊಂಡದ್ದುಂಟು.

ತೊಂದರೆ ಇರುವುದು ಗಡಿಯಾರದಲ್ಲಿ. ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ನಾಮಪತ್ರ ಸಲ್ಲಿಸುವವರೆಗೆ ಯಾರೂ ಅಭ್ಯರ್ಥಿಯಲ್ಲ. ಅಭ್ಯರ್ಥಿಯೇ ಇಲ್ಲದ ಮೇಲೆ ಭ್ರಷ್ಟ ಆಚರಣೆಯೂ ಇಲ್ಲ. ನಾಮಪತ್ರದಿಂದ ಮತದಾನದವರೆಗಿನ ಎರಡು ಮೂರು ವಾರ ಮಾತ್ರ ಕಾನೂನು ಕಣ್ಣು ಬಿಟ್ಟಿರುತ್ತದೆ. ತಕರಾರು ಅರ್ಜಿಯನ್ನು ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಹಾಕಬೇಕು. ಆಮೇಲೆ ಕೋರ್ಟು ತನ್ನ ವೇಗದಲ್ಲಿ ನಡೆಯುತ್ತದೆ. ಮುಂಬೈನ ಸಾಂತಾಕ್ರೂಜ್‌ನಲ್ಲಿ 1990ರಲ್ಲಿ ನಡೆದ ಚುನಾವಣೆಯ ತಕರಾರಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕಾಯ್ದೆಯ ಅರ್ಥ ಬಿಡಿಸಿ ಹೇಳಿದ್ದು 2017ರ ಜನವರಿ 2ರಂದು. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮದ ಹೆಸರಿನಲ್ಲಿ ಕೇಳಿದರೂ ತಪ್ಪೇ ಎಂದು ನಾಲ್ವರು ಹೇಳಿದರು, ಮೂವರು ಒಪ್ಪಲಿಲ್ಲ. ತೀರ್ಪು ಒಳ್ಳೆಯದೇ. ಆದರೆ 27 ವರ್ಷದಲ್ಲಿ ಆ ಚುನಾವಣೆಯ ಮೊದಲ ಮತದಾರರು ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದರು.

ಈದ್ಗಾದಂಥ ಬೆಳೆ ಎರಡು ವಾರದಲ್ಲಿ ಬರುವಂಥದ್ದಲ್ಲ. ಬಿತ್ತನೆ, ಗೊಬ್ಬರ, ಕಳೆ ಕೀಳುವುದು ಎಲ್ಲವೂ ನಡುವಿನ ವರ್ಷಗಳಲ್ಲಿ, ಚುನಾವಣಾ ಆಯೋಗದ ವೀಕ್ಷಕರು ಊರಲ್ಲಿ ಇಲ್ಲದಾಗ ನಡೆಯುತ್ತವೆ. ಅವರು ಬರುವ ಹೊತ್ತಿಗೆ ಕೊಯ್ಲು. ಆಗ ಯಾರೂ ಧರ್ಮದ ಹೆಸರೆತ್ತಬೇಕಿಲ್ಲ, ವೇದಿಕೆಯ ಮೇಲೆ ನಿಂತು ಮೈದಾನದ ಹೆಸರು ಹೇಳಿದರೆ ಸಾಕು.

ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ ಇದೇ ಬೇಸಾಯ ಇನ್ನೂ ಎತ್ತರದಲ್ಲಿ ನಡೆದಿದೆ. ಅದರ ಅಧಿಕೃತ ಹೆಸರೇ ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ. ದತ್ತಾತ್ರೇಯ, ಬಾಬಾ, ಸ್ವಾಮಿ, ದರ್ಗಾ ಎಲ್ಲ ಒಂದೇ ಬೋರ್ಡಿನಲ್ಲಿ. ಯೆಮೆನ್‌ನಿಂದ ಕಾಫಿ ಬೀಜ ತಂದನೆಂದು ಜನ ನಂಬುವ ಫಕೀರನ ಗುಹೆಗೆ ಇಬ್ಬರೂ ಹೋಗುತ್ತಿದ್ದರು. 1975ರಲ್ಲಿ ಸರ್ಕಾರ ಅದನ್ನು ವಕ್ಫ್ ಮಂಡಳಿಗೆ ಕೊಟ್ಟಾಗ ಶುರುವಾದದ್ದೂ ಕಡತದ ಜಗಳವೇ: ಅದು ವಕ್ಫೋ, ಮುಜರಾಯಿಯೋ? ಮುಜರಾಯಿ ಎಂದು ಕೋರ್ಟು ಹೇಳಿತು. ತೊಂಬತ್ತರ ದಶಕದ ಕೊನೆಗೆ ಶೋಭಾಯಾತ್ರೆ, ದತ್ತಮಾಲೆ ಬಂದವು. ‘ದಕ್ಷಿಣದ ಅಯೋಧ್ಯೆ’ ಎಂಬ ಮಾತು ಬಂತು. ಪ್ರತಿರೋಧಿಸಲು ಗಿರೀಶ್ ಕಾರ್ನಾಡ್, ಗೌರಿ ಲಂಕೇಶ್ ಮುಂತಾದವರು ಸೌಹಾರ್ದದ ಹೆಸರಿನಲ್ಲಿ ನಿಂತರು. 2004ರಲ್ಲಿ ಬಿಜೆಪಿಯ ಸಿ.ಟಿ. ರವಿ ಚಿಕ್ಕಮಗಳೂರಿನ ಶಾಸಕರಾದರು, ಸತತ ನಾಲ್ಕು ಸಲ ಗೆದ್ದರು.

ಈ ಆಟ ಒಂದೇ ಪಕ್ಷದ್ದು ಎಂದುಕೊಂಡವರು 2018ರ ಮಾರ್ಚ್ 19ನ್ನು ನೆನೆಯಬೇಕು. ವಿಧಾನಸಭಾ ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ಲಿಂಗಾಯತಕ್ಕೆ ಪ್ರತ್ಯೇಕ ಅಲ್ಪಸಂಖ್ಯಾತ ಧರ್ಮದ ಸ್ಥಾನ ಕೊಡಲು ಕೇಂದ್ರಕ್ಕೆ ಶಿಫಾರಸು ಮಾಡುವ ತೀರ್ಮಾನವನ್ನು ಸಿದ್ದರಾಮಯ್ಯ ಸರ್ಕಾರ ತೆಗೆದುಕೊಂಡದ್ದು ಅಂದು. ಗಿರಿಯ ಗುಹೆಯಲ್ಲಿ ಮುಜಾವರರೇ ಪೂಜಾವಿಧಿ ನಡೆಸಬೇಕೆಂಬ ಸರ್ಕಾರಿ ಆದೇಶದ ಮೇಲಿರುವ ತಾರೀಕೂ ಅದೇ. ಎರಡಕ್ಕೂ ಒಳ್ಳೆಯ ವಾದಗಳಿದ್ದವು. ಆ ವಾದಗಳು ಐದು ವರ್ಷ ಎಲ್ಲಿ ಮಲಗಿದ್ದವು ಎಂದು ಮತದಾರ ಕೇಳಿದ. ಕಾಂಗ್ರೆಸ್ 122ರಿಂದ 80ಕ್ಕೆ ಇಳಿಯಿತು. ಗಿರಿಯ ಆದೇಶವನ್ನು ಹೈಕೋರ್ಟು 2021ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. 2022ರ ಡಿಸೆಂಬರ್‌ನಲ್ಲಿ ಬಿಜೆಪಿ ಸರ್ಕಾರ ಅಲ್ಲಿ ಹಿಂದೂ ಅರ್ಚಕರನ್ನು ನೇಮಿಸಿ ದತ್ತಜಯಂತಿ ಮಾಡಿಸಿತು. ಎರಡು ದಶಕದ ಬೇಡಿಕೆ ಈಡೇರಿತ್ತು. ಐದು ತಿಂಗಳ ನಂತರ ನಡೆದ ಚುನಾವಣೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಸ್ಥಾನ ಕಾಂಗ್ರೆಸ್ಸಿಗೆ ಹೋದವು. ಸಿ.ಟಿ. ರವಿಯವರೂ ಸೋತರು. ಅವರನ್ನು ಸೋಲಿಸಿದ ಎಚ್.ಡಿ. ತಮ್ಮಯ್ಯ ಅಲ್ಲಿಯವರೆಗೆ ಅವರ ಜೊತೆಯಲ್ಲಿದ್ದವರು. ಬೇಡಿಕೆ ಇರುವವರೆಗೆ ಮತ ತರುತ್ತದೆ, ಈಡೇರಿದ ಮೇಲೆ ಜನ ಕಾಫಿಯ ಬೆಲೆ, ಕಾಡಾನೆ, ರಸ್ತೆ ಕೇಳುತ್ತಾರೆ.

ಮತ್ತೆ ಹುಬ್ಬಳ್ಳಿಗೆ ಬರೋಣ. 2022. ನೆಲ ಪಾಲಿಕೆಯದೆಂದು ತೀರ್ಮಾನವಾಗಿ ಹನ್ನೆರಡು ವರ್ಷವಾಗಿತ್ತು. ಮಳಿಗೆಯ ಪ್ರಶ್ನೆ ಇಲ್ಲ, ಧ್ವಜದ ಪ್ರಶ್ನೆಯೂ ಇಲ್ಲ. ಹೊಸ ಪ್ರಶ್ನೆ ಬಂತು: ಗಣಪತಿ ಕೂರಿಸಬಹುದೇ? ಪಾಲಿಕೆ ಸದನ ಸಮಿತಿ ಮಾಡಿತು, ಮನವಿಗಳನ್ನು ತರಿಸಿಕೊಂಡು ಎಣಿಸಿತು, ಮೂರು ದಿನಕ್ಕೆ ಅನುಮತಿ ಕೊಟ್ಟಿತು. ಆಗಸ್ಟ್ 30ರಂದು, ಹಬ್ಬದ ಹಿಂದಿನ ದಿನ, ಎರಡು ಕೋರ್ಟುಗಳಲ್ಲಿ ಎರಡು ಈದ್ಗಾಗಳು ನಿಂತಿದ್ದವು. ದಿಲ್ಲಿಯಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಚಾಮರಾಜಪೇಟೆಯ ಈದ್ಗಾಕ್ಕೆ ಯಥಾಸ್ಥಿತಿ ಎಂದಿತು, ಗಣಪತಿ ಬೇಡ. ಅದೇ ದಿನ ತಡರಾತ್ರಿ ಧಾರವಾಡ ಪೀಠದಲ್ಲಿ ಹುಬ್ಬಳ್ಳಿಯ ಅರ್ಜಿ ಬಂತು. 1947ರ ಆಗಸ್ಟ್ 15ರಂದು ಪೂಜಾಸ್ಥಳಗಳಿಗಿದ್ದ ಸ್ವರೂಪ ಬದಲಾಗಬಾರದೆನ್ನುವ 1991ರ ಕಾಯ್ದೆಯನ್ನು ಅಂಜುಮನ್ ಮುಂದಿಟ್ಟಿತು. ನ್ಯಾಯಮೂರ್ತಿ ಅಶೋಕ ಕಿಣಗಿ ಒಪ್ಪಲಿಲ್ಲ. ಚಾಮರಾಜಪೇಟೆಯಲ್ಲಿ ಒಡೆತನವೇ ವಿವಾದದಲ್ಲಿದೆ, ಇಲ್ಲಿ ಒಡೆತನ ತೀರ್ಮಾನವಾಗಿದೆ ಎಂದರು. ಬೆಳಿಗ್ಗೆ ಗಣಪತಿ ಬಂದ. ಆಗ ರಾಜ್ಯದ ಮುಖ್ಯಮಂತ್ರಿ ಅದೇ ಬಸವರಾಜ ಬೊಮ್ಮಾಯಿ, ಅಷ್ಟರಲ್ಲಿ ಬಿಜೆಪಿಗೆ ಬಂದಿದ್ದರು.

ಕಾನೂನಿನ ಕಣ್ಣಿಗೆ ಆ ಆದೇಶ ತಪ್ಪಲ್ಲ. ನೆಲದ ಒಡೆಯ ತನ್ನ ನೆಲವನ್ನು ಯಾರಿಗಾದರೂ ಮೂರು ದಿನ ಕೊಡಬಹುದು. ಪಾಲಿಕೆಗೆ ಹುಬ್ಬಳ್ಳಿಯಲ್ಲಿ ಬೇರೆ ಮೈದಾನಗಳಿಲ್ಲವೇ ಎಂಬ ಪ್ರಶ್ನೆಯನ್ನು ಕೋರ್ಟು ಕೇಳಲಾರದು, ಅದನ್ನು ಕೇಳಬೇಕಾದವರು ಊರಿನವರು. ಅದೇ ನವೆಂಬರ್‌ನಲ್ಲಿ ಟಿಪ್ಪು ಜಯಂತಿಗೂ ಅದೇ ಬಯಲು ಬೇಕೆಂದರು, ಪಾಲಿಕೆ ಕೊಟ್ಟಿತು. ಮರುದಿನ ಕನಕ ಜಯಂತಿಗೂ ಬೇಕೆಂದರು, ಅದೂ ಆಯಿತು. ಒಂದು ಗಣಪತಿ ಕೂತದ್ದಕ್ಕೆ ಒಂದು ಟಿಪ್ಪು, ಟಿಪ್ಪುವಿಗೆ ಒಬ್ಬ ಕನಕದಾಸ. ಪಾಪ, ಜಾತಿಯ ಗೋಡೆಗಳನ್ನು ಅಲ್ಲಗಳೆದ ಕನಕದಾಸರನ್ನು ಪೈಪೋಟಿಗೆ ನಿಲ್ಲಿಸಿದ್ದನ್ನು ನೋಡಿದರೆ ಅವರೇ ಏನೆನ್ನುತ್ತಿದ್ದರೋ.

ಆ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಬೈರಿದೇವರಕೊಪ್ಪದ ಹಳೆಯ ದರ್ಗಾವನ್ನು ಬಿಆರ್‌ಟಿಎಸ್ ರಸ್ತೆಗಾಗಿ ತೆರವು ಮಾಡಲಾಯಿತು. ಅದೇ ರಸ್ತೆಗೆ ದೇವಸ್ಥಾನಗಳೂ ಹೋಗಿದ್ದವು ಎಂದು ಅಧಿಕಾರದಲ್ಲಿದ್ದವರು ಹೇಳಿದ್ದು ನಿಜ. ಹಿಂದಿನ ವರ್ಷ ನಂಜನಗೂಡಿನ ಹುಚ್ಚಗಣಿಯ ಮಹದೇವಮ್ಮ ದೇವಸ್ಥಾನ ಕೆಡವಿದಾಗ ಮಾತ್ರ ಅದೇ ತಿಂಗಳಲ್ಲಿ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ ಸದನಕ್ಕೆ ಬಂದು ಅಂಗೀಕಾರವಾಗಿತ್ತು. ದರ್ಗಾ ಬೀಳುವಾಗ ಬೆಳಗಾವಿಯಲ್ಲಿ ಅಧಿವೇಶನವೇ ನಡೆಯುತ್ತಿತ್ತು. ಅಲ್ಲಿ ಅಂಥ ಅವಸರ ಕಾಣಲಿಲ್ಲ.

2023ರ ಮೇ ಚುನಾವಣೆಗೆ ಟಿಕೆಟ್ ಸಿಗದ ಜಗದೀಶ ಶೆಟ್ಟರ್ ಕಾಂಗ್ರೆಸ್ ಸೇರಿ ಹುಬ್ಬಳ್ಳಿ-ಧಾರವಾಡ ಕೇಂದ್ರದಲ್ಲಿ ನಿಂತರು. ಮೂವತ್ತು ವರ್ಷ ಯಾವ ಮತಗಳ ಮೇಲೆ ಗೆದ್ದಿದ್ದರೋ ಆ ಮತಗಳು ಅವರ ಜೊತೆ ಬರಲಿಲ್ಲ. ಬಿಜೆಪಿಯ ಮಹೇಶ ಟೆಂಗಿನಕಾಯಿ ಗೆದ್ದರು. ಮರುವರ್ಷ ಶೆಟ್ಟರ್ ಬಿಜೆಪಿಗೆ ಮರಳಿ ಬೆಳಗಾವಿಯ ಸಂಸದರಾದರು. ನಾಯಕರು ಪಕ್ಷ ಬದಲಿಸಬಹುದು, ಮೈದಾನ ತಂದುಕೊಟ್ಟ ಮತಗಳು ಪಕ್ಷ ಬದಲಿಸುವುದು ಕಷ್ಟ.

ಇಷ್ಟು ಹೊತ್ತು ಕೂತು ಕೇಳಿದವರಲ್ಲಿ ಒಂದು ಕೋರಿಕೆ. ಮುಂದಿನ ಚುನಾವಣೆಯಲ್ಲಿ ಯಾವ ಪಕ್ಷದವರೇ ಆಗಲಿ ಯಾವುದೋ ಮೈದಾನ, ಗುಹೆ, ದರ್ಗಾದ ಹೆಸರು ಹಿಡಿದು ಮನೆ ಬಾಗಿಲಿಗೆ ಬಂದರೆ ಒಳಗೆ ಕರೆದು ಕೂರಿಸಿ, ಚಹಾ ಕೊಡಿ, ಆ ಜಾಗದ ಕರಾರು ಪತ್ರದಲ್ಲಿ ಏನಿದೆ, ಕೊನೆಯ ತೀರ್ಪಿನಲ್ಲಿ ಏನು ಬರೆದಿದೆ ಎಂದು ಕೇಳಿ. ಈದ್ಗಾ ಮೈದಾನದ ಸುಪ್ರೀಂ ಕೋರ್ಟ್ ತೀರ್ಪು ಯಾರು ಬೇಕಾದರೂ ಓದಬಹುದಾದ ದಾಖಲೆ. ಅದರಲ್ಲಿ ಧ್ವಜದ ಮಾತಿಲ್ಲ, ಗಣಪತಿಯ ಮಾತಿಲ್ಲ. ಇರುವುದು ಪಾಲಿಕೆಯ ನೆಲ, ಮಳಿಗೆ, ಮತ್ತು ವರ್ಷಕ್ಕೆ ಎರಡು ದಿನದ ನಮಾಜು.